ಎಂಟು ದಿನಕ್ಕೆಂದು ಬಂದ ಕುರ್ಚಿ

ಮನೆ ತುಂಬ ಕುರ್ಚಿ ಕೂಡಿಹಾಕಿದ ನಮ್ಮ ಮಾಸ್ತರರು ಹೋದ ದಿನ, ಅವರನ್ನು ಕೂಡಿಸಲಿಕ್ಕೆ ಆ ಮನೆಯಲ್ಲಿ ಒಂದೂ ಕುರ್ಚಿ ಸಿಗಲಿಲ್ಲ. ಸತ್ತವರ ಬಗ್ಗೆ ಹಗುರವಾಗಿ ಮಾತಾಡಬಾರದೆಂದು ನನಗೂ ಗೊತ್ತಿದೆ. ಆದರೆ ನಡೆದದ್ದೇ ಹಾಗೆ, ಏನು ಮಾಡಲಿ?

ನಮ್ಮ ಲಿಂಗವಂತರಲ್ಲಿ ತೀರಿಕೊಂಡವರನ್ನು ಮಲಗಿಸಿ ಇಡುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಕಾಲು ಮಡಚಿ, ಅಂಗೈಗೆ ಲಿಂಗ ಕೊಟ್ಟು, ಪೂಜೆಗೆ ಕುಳಿತವರ ಹಾಗೆ ಕೂಡಿಸುತ್ತೇವೆ. ಮಣ್ಣಿಗೆ ಹೋಗುವುದೂ ಕುಳಿತೇ. ಮೈ ಸೆಟೆಯುವ ಮೊದಲೇ ಕೂಡಿಸಬೇಕು, ತಡಮಾಡುವಂತಿಲ್ಲ. ಆ ಮುಂಜಾನೆ ಮಠದ ಅಯ್ಯನವರು ಬಂದು, “ಗ್ವಾಡಿಗೆ ಆನಿಸಿ ಕುಂದ್ರಸ್ರಿ” ಅಂದರು. ಗೋಡೆ ಎಲ್ಲಿತ್ತು? ಪಡಸಾಲೆಯ ನಾಲ್ಕೂ ಗೋಡೆಗೆ ಮಾಸ್ತರರ ಕಪಾಟು, ರೇಡಿಯೋ ಪೆಟ್ಟಿಗೆ, ಸಣ್ಣ ಕಾಲಿನ ಮೇಜು. “ಹಂಗಾರ ಒಂದು ಕುರ್ಚಿ ತರ್ರಿ” ಅಂದರು. ಕುರ್ಚಿಗೇನು ಬರ! ಒಂದೊಂದೇ ಹೊರಗೆ ಬಂತು. ಒಂದಕ್ಕೆ ಬಾಗಿದ ತೋಳು. ಮಡಚಿದ ಮೊಣಕಾಲು ಅದರೊಳಗೆ ಹಿಡಿಯದು. ಇನ್ನೊಂದರ ಕೂರುವ ಜಾಗ ಊಟದ ತಾಟಿನಷ್ಟು. ಒಂದು ತೂಗುತ್ತದೆ. ಒಂದಕ್ಕೆ ಮೂರೇ ಕಾಲು. ಮುರಿದದ್ದಲ್ಲ, ಮಾಡಿದ್ದೇ ಹಾಗಂತೆ. ಶಾಮಿಯಾನದವರ ಪ್ಲಾಸ್ಟಿಕ್ ಕುರ್ಚಿಗೂ ತೋಳು. ಅಯ್ಯನವರಿಗೆ ಸಿಟ್ಟು ಬಂತು.

“ಏನ್ರವ್ವಾ ಇದು, ಇಷ್ಟು ಕುರ್ಚಿ ಅದಾವು, ಒಂದರಾಗರೆ ಮನಶ್ಯಾ ಕುಂದ್ರೂ ಹಂಗ ಐತೇನು?”

ಈ ಮಾತನ್ನು ನಾನು ಹನ್ನೊಂದು ವರ್ಷದಿಂದ ಹೇಳುತ್ತ ಬಂದಿದ್ದೆ.

ಮಾಸ್ತರರ ಹೆಂಡತಿಯನ್ನು ನಾನು ಅಕ್ಕಾರು ಎಂದು ಕರೆಯುತ್ತೇನೆ. ಮೂಲೆಯಲ್ಲಿ ಕುಳಿತಿದ್ದ ಅಕ್ಕಾರು ತಲೆ ಎತ್ತಿ ನನ್ನನ್ನು ನೋಡಿದರು. ನನಗೆ ತಿಳಿಯಿತು. ಸೆರಗು ಸಿಕ್ಕಿಸಿಕೊಂಡು ಎದ್ದು ನಮ್ಮ ಮನೆಯ ಕಡೆ ನಡೆದೆ.

ಯಾಕೆ ನಡೆದೆ ಎಂದು ಹೇಳಬೇಕಾದರೆ ಮಾಸ್ತರರು ಎಂಥವರೆಂದು ಮೊದಲು ಹೇಳಬೇಕು.

ಗೋಕಾಕದ ಒಂದು ಹೈಸ್ಕೂಲಿನಲ್ಲಿ ಅವರು ಚಿತ್ರ ಕಲಿಸುತ್ತಿದ್ದರು. ನಮ್ಮ ಬಾಜೂ ಮನೆ. ನಡುವೆ ಎದೆಮಟ್ಟದ ಗೋಡೆ. ಎತ್ತರದ ಆಳು, ಸಣ್ಣ ಮೈ. ಅಂಗಿಯ ಕಿಸೆಯಲ್ಲಿ ಒಂದು ಪೆನ್ಸಿಲು, ಮಡಚುವ ಕಟ್ಟಿಗೆಯ ಅಳತೆಪಟ್ಟಿ, ಬೆರಳುದ್ದದ ಬ್ಯಾಟರಿ ದೀಪ. ಈ ಮೂರನ್ನು ಬಿಟ್ಟು ಅವರು ಸಂಡಾಸಕ್ಕೂ ಹೋಗುವುದಿಲ್ಲ ಎಂದು ಅಕ್ಕಾರೇ ಹೇಳುತ್ತಿದ್ದರು. ನಿವೃತ್ತಿಯಾದ ಮೇಲೆ ಕೆಲವರು ಹೊಲ ನೋಡಿಕೊಳ್ಳುತ್ತಾರೆ, ಕೆಲವರು ಮಠದ ಕಟ್ಟೆ ಹಿಡಿಯುತ್ತಾರೆ. ಇವರು ಹಳೆ ಕುರ್ಚಿ ಹಿಡಿದರು.

ಹಳೆಯದೆಂದರೆ ಮುತ್ತಜ್ಜನ ಕಾಲದ, ಸಿಂಹದ ಮುಖ ಕೆತ್ತಿದ, ನಾಲ್ಕು ಜನ ಎತ್ತಬೇಕಾದ ಕುರ್ಚಿ ಇರಬೇಕೆಂದು ನಾನು ತಿಳಿದಿದ್ದೆ. ಅಂಥದ್ದನ್ನು ಕಂಡರೆ ಅವರು ಮುಖ ಸಿಂಡರಿಸುತ್ತಿದ್ದರು. ಅವರಿಗೆ ಬೇಕಾದದ್ದು ನಡುವಿನ ಕಾಲದ್ದು, ಐವತ್ತು-ಅರವತ್ತರ ಇಸವಿಯದು. ಹೂವಿಲ್ಲ, ಬಳ್ಳಿಯಿಲ್ಲ, ಸಾಗವಾನಿಯ ಬೋಳು ಚೌಕಟ್ಟು, ಹೆಣೆದ ಬೆತ್ತ, ಕೆಳಗಿಳಿಯುತ್ತ ಸಣ್ಣಗಾಗುವ ಓರೆ ಕಾಲು. ಕಾಲಿಗಾಗಿಯೇ ಜೀವ ಬಿಡುತ್ತಿದ್ದರು.

“ಕಾಲು ನೋಡು ತಂಗೆವ್ವಾ. ನೆಲಕ್ಕ ಭಾರ ಆಗಬಾರದು ಅಂತ ತುದಿಗಾಲ ಮ್ಯಾಲ ನಿಂತಾವು. ಆವಾಗ ದೇಶ ಹೊಸಾದಿತ್ತು. ಎಲ್ಲಾರಿಗೂ ಹಗುರ ಆಗಬೇಕಂತ ಆಸೆ ಇತ್ತು. ಕುರ್ಚಿಗೂ ಇತ್ತು.”

“ಹಗುರ ಅದಾವ ಅಂತನ ದಿನಕ್ಕೊಂದು ಹೊತ್ತಗೊಂಡ ಬರ್ತೀರಲ್ರಿ ಸರ್ರ” ಎಂದು ನಾನು. ಅವರಿಗೆ ಇಂಥದ್ದು ತಾಗುತ್ತಿರಲಿಲ್ಲ.

ಯಾವ ಕುರ್ಚಿಯನ್ನೂ ಅವರು ಮೊದಲು ಬೋರಲು ಹಾಕುತ್ತಿದ್ದರು. “ಮಾರಿ ನೋಡಿ ಮೋಸ ಹೋಗಬಾರದು, ಹೊಟ್ಟಿ ನೋಡಬೇಕು” ಎಂಬುದು ಅವರ ಮಾತು. ಬೋರಲು ಹಾಕಿ, ಬ್ಯಾಟರಿ ಬಿಟ್ಟು, ಎಲ್ಲಿ ಬೆಣೆ, ಎಲ್ಲಿ ಸ್ಕ್ರೂ, ಯಾವುದು ಆಗಿನದು, ಯಾವುದು ಈಚೆಗೆ ಜಡಿದದ್ದು ಎಂದು ನೋಡುವರು. ಇದನ್ನು ತಮ್ಮ ಮನೆಯಲ್ಲಿ ಮಾಡಿಕೊಂಡಿದ್ದರೆ ಚಿಂತೆಯಿರಲಿಲ್ಲ. ನಮ್ಮ ಓಣಿಯಲ್ಲೇ ಒಬ್ಬರ ಗೃಹಪ್ರವೇಶಕ್ಕೆ ಹೋದಾಗ, ಎಲೆ ಹಾಕಿ ಹೋಳಿಗೆ ಬಡಿಸುವ ಹೊತ್ತಿಗೆ ಮಾಸ್ತರರು ಕಾಣಲಿಲ್ಲ. ನೋಡಿದರೆ ಆ ಮನೆಯವರ ಮೇಜಿನ ಕೆಳಗೆ ಅಂಗಾತ ಬಿದ್ದಿದ್ದಾರೆ. ಎದೆ ಹಿಡಿದುಕೊಂಡು ಬಿದ್ದರೆಂದು ಯಾರೋ ಕೂಗಿದರು. ಇನ್ನಾರೋ ಚೊಂಬಿನ ನೀರು ತಂದು ಸುರಿಯತೊಡಗಿದರು. ಮೇಜಿನ ಅಡಿಯಿಂದ ದನಿ ಬಂತು:

“ಏ, ನೀರು ಹಾಕಬ್ಯಾಡ್ರೋ! ಪಾಲಿಶ್ ಹೋಗತೈತಿ!”

ಅಕ್ಕಾರು ಆ ದಿನ ಹೋಳಿಗೆ ಮುಟ್ಟದೆ ಎದ್ದರು. ನಾನು ಮುಟ್ಟಿದೆ. ಹೋಳಿಗೆಯದೇನು ತಪ್ಪು?

ಒಂದು ಸಲ ಮೂಡಲಗಿಯಲ್ಲಿ ನಮ್ಮ ನೆಂಟರ ಮನೆಯ ಕೂಸಿನ ತೊಟ್ಟಿಲಿಗೆ ಹೊರಟಿದ್ದೆವು. ನಮ್ಮ ಮನೆಯವರದು ಹಾರ್ಡ್‌ವೇರ್ ಅಂಗಡಿ. ಆ ದಿನ ಮಾಲು ತರಲು ಗಾಡಿ ಹೇಗೂ ಹೋಗುತ್ತಿತ್ತು. “ನಾನೂ ಬರ್ತೀನಿ, ಗಾಳಿ ಆಗತೈತಿ” ಎಂದು ಮಾಸ್ತರರು ಹತ್ತಿ ಕುಳಿತರು. ಊರು ಮುಟ್ಟುವ ಮೊದಲೇ, ರಸ್ತೆಯ ಬದಿಯ ಗುಜರಿ ಅಂಗಡಿ ಕಂಡು “ನಿಂದರ್ಸು, ನಿಂದರ್ಸು” ಎಂದು ಕೂಗಿದರು. ಹಳೆ ಕಬ್ಬಿಣದ ರಾಶಿಯ ಕೆಳಗೆ ಒಂದು ಕಾಲು ಚಾಚಿಕೊಂಡಿತ್ತಂತೆ. ಒಂದು ತಾಸು ಆ ರಾಶಿ ತೆಗೆಸಿದರು. ಸಿಕ್ಕದ್ದು ಒಂದೇ ಕಾಲು. ಕುರ್ಚಿಯಿಲ್ಲ, ಬರೀ ಕಾಲು. ಅದನ್ನೇ ಕೊಂಡರು! ಹಿಂದಿನ ಸೀಟಿನಲ್ಲಿ ಜಾಗವಿಲ್ಲದ್ದಕ್ಕೆ ಆ ತುಕ್ಕಿನ ಧೂಳು ಹತ್ತಿದ ಕಾಲನ್ನು ನನ್ನ ಹೊಸ ಇಳಕಲ್ ಸೀರೆಯ ಮೇಲೆ ಇಟ್ಟುಕೊಂಡು ನಾನು ತೊಟ್ಟಿಲ ಕಾರ್ಯಕ್ಕೆ ಹೋದೆ. ಕಾಲಿಗೆ ಮೊಳೆ ಇರಲಿಲ್ಲ, ಸೀರೆ ಹರಿಯಲಿಲ್ಲ. ಅಷ್ಟು ಶಿವನ ದಯೆ.

ಆದರೆ ಅವರದೊಂದು ಗುಣ ನನಗೆ ನಿಜವಾಗಿಯೂ ಸಹಿಸಲು ಆಗುತ್ತಿರಲಿಲ್ಲ. ಬೇಕೆನಿಸಿದ ಸಾಮಾನು ಯಾರ ಮನೆಯಲ್ಲಿದ್ದರೂ ಬಿಡುತ್ತಿರಲಿಲ್ಲ. ಅಂಕಲಗಿಯಲ್ಲಿ ಮುದುಕ-ಮುದುಕಿ ಇಬ್ಬರೇ ಇದ್ದ ಮನೆಯಲ್ಲಿ ಅಂಥ ಕಾಲದ ಒಂದು ದುಂಡು ಕನ್ನಡಿ ಇತ್ತು. ಸುತ್ತ ಸಾಗವಾನಿಯ ತೆಳು ಬಳೆ. ಕೊಡುವುದಿಲ್ಲ ಎಂದರು. ಇವರು ಜಗಳಾಡಲಿಲ್ಲ, ಹೆಚ್ಚಿಗೆ ರೊಕ್ಕದ ಮಾತನ್ನೂ ಆಡಲಿಲ್ಲ. ಮೂರು ದಿನ ಬೆಳಗಿನ ಬಸ್ಸಿಗೆ ಹೋಗಿ ಅವರ ಕಟ್ಟೆಯ ಮೇಲೆ ಕುಳಿತು, ಸಂಜೆಯ ಬಸ್ಸಿಗೆ ಬಂದರು. ಆ ಮುದುಕಿಗೆ ಮನೆಗೆ ಬಂದವರಿಗೆ ರೊಟ್ಟಿ ಹಾಕದೆ ಇರಲಾಗದು. ಮೂರನೆಯ ದಿನ ರೊಟ್ಟಿ ಬಡಿದು ಬಡಿದು ಸಾಕಾಗಿ, “ತಗೊಂಡ ಹೋಗಪಾ, ನಮ್ಮ ಮಾರಿ ನಮಗ ಗೊತ್ತೈತಿ” ಎಂದು ಕನ್ನಡಿ ಕೊಟ್ಟಳಂತೆ. ಇದನ್ನು ಅವರು ಗೆದ್ದ ಕಥೆಯ ಹಾಗೆ ಹೇಳಿದರು. ನನಗೆ ನಗು ಬರಲಿಲ್ಲ.

“ಸರ್ರ, ಅದು ಕೊಟ್ಟದ್ದಲ್ಲ. ಕಸಗೊಂಡದ್ದು” ಅಂದೆ.

ಅವತ್ತು ಮಾತ್ರ ಅವರು ಮಡಚುವ ಪಟ್ಟಿಯನ್ನು ಬಿಚ್ಚಿದರು, ಮಡಚಿದರು. ಚಹಾ ಕುಡಿದು ಎದ್ದು ಹೋದರು.

ಇನ್ನು ಆ ಕುರ್ಚಿ.

ಗೋಕಾಕ ಫಾಲ್ಸಿನಲ್ಲಿ ಹಳೆಯ ಬಂಗಲೆಯೊಂದರಲ್ಲಿದ್ದ ಕುಟುಂಬದವರು ಊರು ಬಿಟ್ಟು ಹೋಗುವಾಗ ಸಾಮಾನು ಮಾರಿದರು. ಮಾಸ್ತರರು ಒಂದು ಕುರ್ಚಿ ತಂದರು. ಮೊಣಕಾಲಿಗಿಂತ ತಗ್ಗು, ಎರಡು ಮೊಳ ಅಗಲ, ತೋಳೇ ಇಲ್ಲ, ಬೆನ್ನು ಹಿಂದಕ್ಕೆ ವಾಲಿದ್ದು. ತಂದ ದಿನ ಅಕ್ಕಾರು ಗೇಟಿಗೆ ಅಡ್ಡ ನಿಂತರು. “ಇದು ಒಳಗ ಬಂದ್ರ ನಾ ಹೊರಗ. ಎರಡರಾಗ ಒಂದು ಆರಿಸಿರಿ.” ಮಾಸ್ತರರು ಅರೆಗಳಿಗೆ ಯೋಚಿಸಿದರು ನೋಡಿ! ಅದನ್ನು ಅಕ್ಕಾರು ಇವತ್ತಿಗೂ ಮರೆತಿಲ್ಲ. ಆಮೇಲೆ ಕುರ್ಚಿ ನಮ್ಮ ಬಾಗಿಲಿಗೆ ಬಂತು.

“ಎಂಟು ದಿನ ಇಟ್ಟಿರು ತಂಗೆವ್ವಾ. ಇದು ಜೋಡಿ ಕುರ್ಚಿ. ಇನ್ನೊಂದನ್ನ ಭಾಳ ವರ್ಷದ ಹಿಂದ ಆ ಬಂಗ್ಲೇದವರು ಯಾರಿಗೋ ಕೊಟ್ಟಾರಂತ. ಅದು ಸಿಕ್ಕ ದಿವಸ ಎರಡೂ ಕೂಡೇ ನಮ್ಮನಿಗೆ ಒಯ್ತೀನಿ. ಜೋಡಿ ಇದ್ರ ನಿಮ್ಮಕ್ಕಾರೂ ಏನೂ ಅನ್ನೂದಿಲ್ಲ.”

ಹೂಂ ಅಂದೆ. ಅದು ನನ್ನ ಮೊದಲನೆಯ ತಪ್ಪು. ಎಲ್ಲಿಡುವುದೆಂದು ಕೇಳಿದ್ದು ಎರಡನೆಯದು. ಬಿಸಿಲು ಬೀಳಬಾರದು, ಒಲೆಯ ಝಳ ಬಡಿಯಬಾರದು, ನೀರಿನ ಪಸೆ ಇರಬಾರದು ಎಂದು ಅಳೆದು ಅಳೆದು, ಕೊನೆಗೆ ದೇವರ ಜಗುಲಿಯ ಎದುರಿನ ಮೂಲೆ ಆರಿಸಿದರು. ನಾನು ದಿನಾ ಮಣೆ ಹಾಕಿ ಲಿಂಗಪೂಜೆಗೆ ಕೂರುವ ಜಾಗ ಅದು. ಆವತ್ತಿನಿಂದ ಜಗುಲಿ ಮತ್ತು ಕುರ್ಚಿಯ ಕಾಲಿನ ನಡುವೆ ಓರೆಯಾಗಿ ಮೈ ತುರುಕಿ ಕುಳಿತೆ. ದೇವರಿಗೆ ಮುಖ, ಕುರ್ಚಿಗೆ ಬೆನ್ನು. ಎದ್ದಾಗಲೆಲ್ಲ ಆ ತುದಿಗಾಲಿನ ಕಾಲು ನನ್ನ ಸೊಂಟಕ್ಕೆ ತಿವಿಯುತ್ತಿತ್ತು. ಎಂಟು ದಿನ ಎಂಟು ತಿಂಗಳಾಯಿತು, ವರ್ಷವಾಯಿತು. ಮಾಸ್ತರರು ದಿನಾ ಬಂದು ಕುರ್ಚಿಯನ್ನು ನೋಡುವರು, ಹೊಸ್ತಿಲ ಮೇಲೆ ಕುಳಿತು ಚಹಾ ಕುಡಿಯುವರು. ಅದರ ಮೇಲೆ ತಾವೂ ಕೂರಲಿಲ್ಲ, ಯಾರನ್ನೂ ಕೂಡಿಸಲಿಲ್ಲ; ಬೆತ್ತ ಹಳೆಯದಂತೆ. ಕುಳಿತುಕೋ ಎಂದಿದ್ದರೂ ನಾನು ಕೂರುತ್ತಿರಲಿಲ್ಲ. ನನಗೂ ಹಟ ಇದೆ.

ದಸರೆಯ ಖಂಡೆ ಪೂಜೆಯ ದಿನ ಮನೆಯ ಸಾಮಾನಿಗೆಲ್ಲ ವಿಭೂತಿ-ಕುಂಕುಮ ಹಚ್ಚುತ್ತ, ಮನೆಯಲ್ಲೇ ಇದೆಯಲ್ಲ ಎಂದು ಅದಕ್ಕೂ ಹಚ್ಚಿದೆ. ಮಾಸ್ತರರು ತಲೆ ಹಿಡಿದುಕೊಂಡರು. “ಕುಂಕುಮದ ಕಲಿ ಸಾಗವಾನಿಗೆ ಹೋಗೂದಿಲ್ಲವಾ!”

“ದೇವರ ಕುಂಕುಮಕ್ಕ ಕಲಿ ಅಂತೀರಿ? ಹಂಗಾರ ಒಯ್ರಿ ನಿಮ್ಮನಿಗೆ.”

“ಇರಲಿ ಇರಲಿ. ಛಲೋ ಕಾಣತೈತಿ” ಎಂದು ತಕ್ಷಣ ಸುಮ್ಮನಾದರು.

ನನ್ನ ಮಗಳನ್ನು ನೋಡಲು ಬಂದ ದಿನ ಆದದ್ದನ್ನು ಹೇಳದಿದ್ದರೆ ನನ್ನ ಸಂಕಟ ಯಾರಿಗೂ ತಿಳಿಯುವುದಿಲ್ಲ. ವರನ ಸೋದರತ್ತೆ ಸ್ವಲ್ಪ ದಪ್ಪ. ನಾನು ಒಳಗೆ ಅವಲಕ್ಕಿ ತಾಟು ಜೋಡಿಸುತ್ತಿದ್ದಾಗ ಆಕೆ ಸೀದಾ ಹೋಗಿ ಅದೇ ಕುರ್ಚಿಯಲ್ಲಿ ಕುಳಿತಳು. ಕುಳಿತದ್ದೇನು, ಇಳಿದು ಹೋದಳು. ಮೊಣಕಾಲು ಗದ್ದಕ್ಕೆ ಬಂತು. ಏಳಲು ತೋಳಿನ ಆಸರೆಯಿಲ್ಲ. ಇಬ್ಬರು ಎರಡೂ ಕೈ ಹಿಡಿದು ಎಳೆಯುತ್ತಿದ್ದರೆ, ಹಿರಿಯರೆಂದು ನಾವೇ ಕರೆದು ಕೂಡಿಸಿದ್ದ ಮಾಸ್ತರರು ಎದ್ದು ನಿಂತು, “ಹಂಗ ಜಗ್ಗಬ್ಯಾಡ್ರಿ, ಬೆತ್ತ ಹರೀತೈತಿ! ಒಂದ ಬಾಜೂ ಉಳ್ಳಿಸಿರಿ!” ಎಂದು ಕೂಗಿದರು. ಬೀಗರ ಮನೆಯ ಹೆಂಗಸನ್ನು ಗೋಣಿಚೀಲದ ಹಾಗೆ ಉರುಳಿಸಿರಿ ಎನ್ನುವುದೆ? ಪುಣ್ಯಕ್ಕೆ ಆಕೆಯೇ ಮೊದಲು ನಕ್ಕಳು. ಸಂಬಂಧ ಕೂಡಿತು. ಇವತ್ತಿಗೂ ನನ್ನ ಮಗಳಿಗೆ ಆ ಮನೆಯಲ್ಲಿ “ಉಳ್ಳೂ ಕುರ್ಚಿ ಮನಿ ಹುಡುಗಿ” ಎಂದೇ ಅನ್ನುತ್ತಾರಂತೆ.

ಅಂದಿನಿಂದ ಆ ಜೋಡಿ ಹುಡುಕುವುದು ಮಾಸ್ತರರಿಗಿಂತ ನನಗೇ ಹೆಚ್ಚಿನ ಜರೂರಾಯಿತು. ಅದು ಸಿಕ್ಕರೆ ಇದು ಹೋಗುತ್ತದೆ, ನನ್ನ ದೇವರ ಮುಂದಿನ ಜಾಗ ನನಗೆ ಬರುತ್ತದೆ. ಯಾರ ಮನೆಗೆ ಹೋದರೂ ನನ್ನ ಕಣ್ಣು ಕುರ್ಚಿಯ ಕಾಲಿಗೆ ಹೋಗತೊಡಗಿತು. ಸೋಮವಾರ ಗುಡಿಗೆ ಹೋದಾಗ, “ಶಿವನೇ, ಅವರ ಜೋಡಿ ಕುರ್ಚಿ ಅವರಿಗೆ ಕೂಡಿಸಿಕೊಡಪ್ಪಾ” ಎಂದು ಬೇಡಿಕೊಂಡಿದ್ದೇನೆ. ಇಂಥದ್ದನ್ನೂ ದೇವರ ಹತ್ತಿರ ಕೇಳುವ ಗತಿ ತಂದರು.

ದೇವರು ಕೇಳಿಸಿಕೊಂಡ. ಕೇಳಿಸಿಕೊಂಡು ನನ್ನನ್ನೇ ಸಿಕ್ಕಿಸಿದ.

ನನ್ನ ತಂಗಿ ಗಂಗಾಳನ್ನು ಕೊಟ್ಟದ್ದು ಕುಲಗೋಡಕ್ಕೆ. ಅವಳ ಅತ್ತೆಯನ್ನು ನಾವೆಲ್ಲ ಆಯಿ ಎನ್ನುತ್ತೇವೆ. ಆಯಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡು ನಾಲ್ಕಾರು ತಿಂಗಳಾಗಿತ್ತು, ಮಾತಾಡಿಸಲು ಹೋದೆ. ಕೋಣೆಯ ಕಿಟಕಿಯ ಹತ್ತಿರ ಕಾಲು ಮಡಚಿ ಕುಳಿತು, ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕುಳಿತದ್ದು ಯಾವುದರ ಮೇಲೆ? ತಗ್ಗು, ಅಗಲ, ತೋಳಿಲ್ಲ. ಮೈತುಂಬ ನೀಲಿ ಎಣ್ಣೆಬಣ್ಣ ಬಳಿದಿದ್ದರು. ಬೆತ್ತ ಹರಿದ ಕಡೆ ಗೋಣಿಯ ಹುರಿ ಬಿಗಿದಿದ್ದರು. ಬಣ್ಣದ ಕೆಳಗೆ ಅದೇ ಕಾಲು. ಹನ್ನೆರಡು ತಿಂಗಳು ನನ್ನ ಸೊಂಟಕ್ಕೆ ತಿವಿದ ಕಾಲನ್ನು ನಾನು ಗುರುತಿಸದೆ ಇರುತ್ತೇನೆಯೇ?

“ಆಯಿ, ಈ ಕುರ್ಚಿ ಎಲ್ಲೀದು?”

“ನಮ್ಮನಿಯವರು ಫಾಲ್ಸಿನ್ಯಾಗ ಬಂಗ್ಲೇದ ತ್ವಾಟದ ಕೆಲಸಕ್ಕ ಇದ್ದರಲ್ಲ, ಬಿಟ್ಟ ಬರೂಮುಂದ ಅಲ್ಲಿಯ ಮಾಲಕರ ಹೆಂಡ್ತಿ ಕೊಟ್ಟಳಂತ. ತಲಿ ಮ್ಯಾಲ ಹೊತ್ತಗೊಂಡ ಬಂದಿದ್ರು. ಇಷ್ಟು ದಿನಾ ಹಿತ್ತಲದಾಗ ಹಾಲಿನ ಕ್ಯಾನ್ ಇಡ್ತಿದ್ವಿ. ಈಗ ನೆಲದ ಮ್ಯಾಲ ಕುಂದ್ರಾಕ ಬರೂದಿಲ್ಲಲ್ಲವ್ವಾ. ಪ್ಲಾಸ್ಟಿಕ್ ಕುರ್ಚಿ ಮ್ಯಾಲ ಕಾಲು ಇಳಿಬಿಟ್ಟು ಲಿಂಗಪೂಜಿ ಮಾಡಾಕ ಮನಸ ಒಪ್ಪೂದಿಲ್ಲ. ಇದರ ಮ್ಯಾಲ ಕಾಲು ಮಡಚಾಕ ಬರತೈತಿ. ಶಿವಾ ಅಂತ ಕುಂದರ್ತೀನಿ.”

ಬಸ್ಸಿನಲ್ಲಿ ಗೋಕಾಕಕ್ಕೆ ಬರುವವರೆಗೆ ನನ್ನೊಳಗೆ ಒಂದೇ ಜಗಳ. ಹೇಳಿದರೆ ನಾಳೆ ಬೆಳಗಿನ ಬಸ್ಸಿಗೆ ಮಾಸ್ತರರು ಕುಲಗೋಡದಲ್ಲಿ. ಕಟ್ಟೆಯ ಮೇಲೆ ಮೂರು ದಿನ. ಆಯಿ ಅಂಕಲಗಿಯ ಮುದುಕಿಗಿಂತ ಮೆತ್ತನೆಯವಳು, ಎರಡನೆಯ ದಿನವೇ ಕೊಟ್ಟುಬಿಡುತ್ತಾಳೆ. ಆಮೇಲೆ ಕಾಲು ಇಳಿಬಿಟ್ಟುಕೊಂಡು ಪೂಜೆ ಮಾಡುತ್ತಾಳೆ. ನನ್ನ ದೇವರ ಮುಂದೆ ಜಾಗವಾಗಲು ಆಕೆಯ ದೇವರ ಮುಂದಿನ ಜಾಗ ಹೋಗಬೇಕು. ಇದನ್ನು ಯಾವ ಬಾಯಿಂದ ಮಾಡಲಿ?

ಹೇಳಲಿಲ್ಲ. ಮುಂದಿನ ಸಲ ಹೋಗುವಾಗ ನಾನೇ ಹೊಲಿದ ದೊಡ್ಡ ಕೌದಿ ಒಯ್ದು, ಕಾಲು ಮುಚ್ಚುವ ಹಾಗೆ ಆ ಕುರ್ಚಿಗೆ ಹೊದಿಸಿದೆ. “ಆಯಿಗೆ ಮೆತ್ತಗಾಗತೈತಿ. ಇದನ್ನ ತಗೀಬ್ಯಾಡ, ಯಾರ ಬಂದರೂ ತಗೀಬ್ಯಾಡ” ಎಂದು ಗಂಗಾಳಿಗೆ ತಾಕೀತು ಮಾಡಿದೆ. ಅಕ್ಕನಿಗೆ ಏನೋ ಆಗಿದೆ ಎನ್ನುವ ಹಾಗೆ ಅವಳು ನೋಡಿದಳು.

ಇತ್ತ ಮಾಸ್ತರರ ಹುಡುಕಾಟ ನಡೆದೇ ಇತ್ತು. ಮೊಬೈಲು ಬಂದ ಮೇಲೆ ನನಗೆ ದಿನಾ ಬೆಳಿಗ್ಗೆ ಶುಭೋದಯದ ಜೊತೆ ಒಂದು ಕುರ್ಚಿಕಾಲಿನ ಫೋಟೋ. ಪ್ರತಿ ಬೇಸಿಗೆಯಲ್ಲಿ ಹುಕ್ಕೇರಿಯಿಂದ ಮೌಲಾಸಾಬ ಬರುತ್ತಿದ್ದ. ಬೆತ್ತ ಹೆಣೆಯುವುದರಲ್ಲಿ ಮಾಸ್ತರರು ನಂಬಿದ್ದು ಅವನೊಬ್ಬನನ್ನೇ. ನಮ್ಮ ಮನೆಯ ಕುರ್ಚಿಯ ಬೆತ್ತವನ್ನು ಅವನು ಬದಲಿಸಿದ. ನೀರಲ್ಲಿ ನೆನೆಹಾಕಿ, ಎಳೆ ಎಳೆಯಾಗಿ ಎಂಟು ಮೂಲೆಯ ಕಣ್ಣು ಬರುವ ಹಾಗೆ ಹೆಣೆದು, ಕೊನೆಯಲ್ಲಿ ಹಿಂಬದಿಯ ಎಡಮೂಲೆಯಲ್ಲಿ ಒಂದು ಎಳೆಯನ್ನು ಬೇಕೆಂದೇ ತಿರುವಿ ಹಾಕುತ್ತಿದ್ದ. ಅದು ಅವನ ಗುರುತು. “ನಮ್ಮಪ್ಪಂದು ಬಲಮೂಲಿ, ನಂದು ಎಡಮೂಲಿ” ಎನ್ನುತ್ತಿದ್ದ. ಹೊಸ ಬೆತ್ತ ಬಂದ ಮೇಲೂ ಮಾಸ್ತರರು ಕೂರಲಿಲ್ಲ. “ಜೋಡಿ ಸಿಗಲಿ, ನಾನೂ ನಿಮ್ಮಕ್ಕಾರೂ ಕೂಡೇ ಕುಂದರ್ತೀವಿ” ಅಂದರು.

ಕೊನೆಯ ಕೆಲವು ವರ್ಷ ಅವರ ತಿರುಗಾಟ ಕಡಿಮೆಯಾಯಿತು. ಮೊಣಕಾಲು ನೋವು ಎಂದು ನಾನು ತಿಳಿದೆ. ಹೊಸ್ತಿಲ ಮೇಲೆ ಕುಳಿತು, ಅಕ್ಕಿ ಆರಿಸುವ ನನ್ನನ್ನೇ ನೋಡುತ್ತ, “ಜೋಡಿ ಇನ್ನಾ ಸಿಗವಲ್ದು ನೋಡು ತಂಗೆವ್ವಾ” ಅನ್ನುತ್ತಿದ್ದರು. ನಾನು ತಲೆ ಎತ್ತುತ್ತಿರಲಿಲ್ಲ. ಸುಳ್ಳು ಹೇಳಿದ ಹಾಗಲ್ಲ, ಹೇಳದೆ ಇದ್ದದ್ದು ಅಷ್ಟೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಮರುದಿನ ಪೂಜೆಯಲ್ಲಿ ಅಂಗೈಯಲ್ಲಿನ ಲಿಂಗ ನೋಡುವಾಗ ಈ ಲೆಕ್ಕ ಸರಿಹೋಗುತ್ತಿರಲಿಲ್ಲ. ಎಂಟು ದಿನದ ಮಾತು ಹನ್ನೊಂದನೆಯ ವರ್ಷಕ್ಕೆ ಬಿದ್ದಿತ್ತು. ಒಂದು ಮುಂಜಾನೆ ಚಹಾ ಮುಗಿಸಿ ಮನೆಗೆ ಹೋದವರು ಅಕ್ಕಾರು ಕೂಗುವಷ್ಟರಲ್ಲಿ ಇರಲಿಲ್ಲ.

ಅವತ್ತೇ ನಾನು ಎದ್ದು ಬಂದು ಕುರ್ಚಿ ಎತ್ತಿದ್ದು. ಒಬ್ಬಳೇ ಎತ್ತಿದೆ. ಅವರು ಹೇಳುತ್ತಿದ್ದದ್ದು ಖರೆ; ಹಗುರವಿತ್ತು.

ಆ ಕುರ್ಚಿಯ ಮೇಲೆ ಕೂಡಿಸಿದರು. ಮೊಣಕಾಲು ಎರಡೂ ಬದಿಗೆ ಸರಿಯಾಗಿ ಹಿಡಿದವು, ತೋಳಿನ ಅಡ್ಡಿಯಿಲ್ಲ. ಬೆನ್ನು ಹಿಂದಕ್ಕೆ ವಾಲಿದ್ದರಿಂದ ಮುಂದೆ ಮುಗ್ಗರಿಸದಂತೆ ಬಿಗಿದು ಕಟ್ಟುವ ಕೆಲಸವೂ ಬರಲಿಲ್ಲ. ತುಸು ತಲೆ ಹಿಂದಿಟ್ಟು, ಯಾವುದೋ ಮೇಜಿನ ಕಾಲನ್ನು ದೂರದಿಂದಲೇ ಅಳೆಯುವ ಹಾಗೆ ಕುಳಿತಿದ್ದರು. ಅಯ್ಯನವರ ಸಿಟ್ಟು ಇಳಿಯಿತು. “ಇದಕ್ಕಂತನ ಮಾಡಿಸಿದಂಗ ಐತಿ” ಅಂದರು. ಕುರ್ಚಿಯ ಹಣೆಗೆ ನಾನು ಹಚ್ಚಿದ್ದ ಕುಂಕುಮದ ಕಲೆ ಹಾಗೇ ಇತ್ತು.

ಮಧ್ಯಾಹ್ನ ಮೌಲಾಸಾಬ ಹುಕ್ಕೇರಿಯಿಂದ ಬಂದ. ಎದುರಿಗೆ ನಿಂತು ಬಹಳ ಹೊತ್ತು ನೋಡಿದ. “ಹೆದರಬ್ಯಾಡ್ರಿ ಮಾಸ್ತರ್ರ, ಬೆತ್ತ ತಡೀತೈತಿ” ಎಂದು ಮೆಲ್ಲಗೆ ಹೇಳಿ ಕಣ್ಣು ಒರೆಸಿಕೊಂಡ. ನನಗೂ ಆಗಲೇ ಅಳು ಬಂದದ್ದು.

ಕಾರ್ಯವೆಲ್ಲ ಮುಗಿದ ಮೇಲೆ ಕುರ್ಚಿಯನ್ನು ತೊಳೆದು ಅಂಗಳದಲ್ಲಿ ಇಟ್ಟಿದ್ದರು. ಹೆಣ ಕೂಡಿಸಿದ್ದನ್ನು ಮನೆಯೊಳಗೆ ತರಬಾರದೆಂದು ನಾಲ್ಕು ಜನ ನಾಲ್ಕು ಮಾತು. ಅಕ್ಕಾರು, “ನನಗಂತೂ ಬ್ಯಾಡವಾ. ಗುಜರಿಗೆ ಹಾಕು, ಒಲಿಗೆ ಹಾಕು” ಅಂದರು. ಹಾಗೆ ಅನ್ನುತ್ತಲೇ ಅದರ ಮೇಲೆ ಬಿದ್ದ ಬೇವಿನ ಎಲೆಯನ್ನು ಸೆರಗಿನಿಂದ ಒರೆಸಿದರು.

ನಾನು ನಮ್ಮ ಅಂಗಡಿಯ ಟೆಂಪೋದಲ್ಲಿ ಹಾಕಿಸಿಕೊಂಡು ಸೀದಾ ಕುಲಗೋಡಕ್ಕೆ ಹೋದೆ. ಅವರು ಕೇಳಿದ್ದು ಜೋಡಿ. ಇದ್ದಾಗ ಕೂಡಿಸಲಿಲ್ಲ, ಹೋದ ಮೇಲಾದರೂ ಒಂದು ದಿನ ಎರಡನ್ನೂ ಒಂದರ ಪಕ್ಕ ಒಂದು ಇಟ್ಟು, ಆಯಿಗೆ ನಿಜ ಹೇಳಿಬಿಡಬೇಕೆಂದು ನಿಶ್ಚಯ ಮಾಡಿದ್ದೆ. ಕೋಣೆಯಲ್ಲಿ ಕುರ್ಚಿ ಇಳಿಸಿದರು. ಗಂಗಾ ಆಯಿಯನ್ನು ಹಿಡಿದು ಮಂಚಕ್ಕೆ ಸರಿಸಿದಳು. ಹತ್ತು ವರ್ಷದ ಹಿಂದೆ ನಾನೇ ಹೊದಿಸಿದ ಕೌದಿಯನ್ನು ನಾನೇ ಎಳೆದೆ.

ನೀಲಿ ಬಣ್ಣ ಇರಲಿಲ್ಲ. ಸಾಗವಾನಿ ಜೇನಿನ ಹಾಗೆ ಹೊಳೆಯುತ್ತಿತ್ತು. ಗೋಣಿಯ ಹುರಿ ಇರಲಿಲ್ಲ. ಎಂಟು ಮೂಲೆಯ ಕಣ್ಣಿನ ಬೆತ್ತ. ಬಗ್ಗಿ ಹಿಂಬದಿಯ ಎಡಮೂಲೆ ನೋಡಿದೆ. ಎಳೆ ತಿರುವಿತ್ತು.

“ಆಯಿ, ಇದನ್ನ ಯಾರು ಮಾಡಿಸಿದ್ರು?”

“ನಿಮ್ಮ ಬಾಜೂ ಮನಿ ಮಾಸ್ತರ. ಆರು ವರ್ಷ ಆತಲ್ಲ. ನಮ್ಮ ಮಗ ನಿಮ್ಮನಿಗೆ ಬೆಲ್ಲಾ ಕೊಡಾಕ ಬಂದಾಗ ನಿಮ್ಮ ಕುರ್ಚಿ ನೋಡಿ, ಹಿಂತಾದೊಂದು ನಮ್ಮವ್ವನ ಕಡೆ ಐತಿ ಅಂತ ಮಾಸ್ತರಗ ಅಂದಿದ್ನಂತ. ಮರುದಿವಸ ಬಂದ. ಆ ಸಾಬನ್ನ ಕರಕೊಂಡು ಮತ್ತ ಬಂದ. ಮೂರು ದಿನಾ ಆ ಕಟ್ಟಿ ಮ್ಯಾಲ ಕುಂತು ಬಣ್ಣ ಕೆರದ್ರು, ಬೆತ್ತ ಹೆಣದ್ರು.”

“ಒಯ್ತೀನಿ ಅನ್ನಲಿಲ್ಲೇನು?”

“ಇಲ್ಲ. ‘ಆಯಿ, ಕುಂದರ್ರಿ, ನೀವು ಕುಂದ್ರೂದು ನೋಡಬೇಕು’ ಅಂದ. ನಾ ಕಾಲು ಮಡಚಿ ಕುಂತೆ. ಆತು ಅಂದ. ಹೋಗೂಮುಂದ ಒಂದ ಮಾತು: ‘ನಮ್ಮ ತಂಗೆವ್ವಗ ಹೇಳಬ್ಯಾಡ್ರಿ. ಜೋಡಿ ಸಿಕ್ಕೈತಿ ಅಂತ ಗೊತ್ತಾತಂದ್ರ ನನ್ನ ಕುರ್ಚಿ ಅವತ್ತ ಹೊರಗ ಹಾಕ್ತಾಳ. ನಮ್ಮನ್ಯಾಗ ಜಾಗಾ ಇಲ್ಲ.’ ಕೌದಿ ಮತ್ತ ತಾನ ಹೊದಿಸಿ ಹೋದ. ‘ಆಕಿ ಹಾಕಿದ್ದು ಇರಬೇಕಿದು’ ಅಂದ.”

ನನಗೆ ಮೈ ಉರಿಯಿತು. ಆರು ವರ್ಷ! ಆರು ವರ್ಷ ನಮ್ಮ ಹೊಸ್ತಿಲ ಮೇಲೆ ಕುಳಿತು, ನನ್ನ ಚಹಾ ಕುಡಿಯುತ್ತ, ನನ್ನ ಮುಖವನ್ನೇ ನೋಡುತ್ತ “ಜೋಡಿ ಇನ್ನಾ ಸಿಗವಲ್ದು” ಎಂದ ಮನುಷ್ಯ! ನಾನು ಇಲ್ಲಿ ಲಿಂಗದ ಮುಂದೆ ತಪ್ಪಾಯಿತು ತಪ್ಪಾಯಿತು ಎನ್ನುತ್ತಿದ್ದರೆ ಅವರು ಮೀಸೆಯಲ್ಲಿ ನಗುತ್ತಿದ್ದರು. ಬೈಯಲು ಬಾಯಿ ತೆರೆದೆ. ಬೈಸಿಕೊಳ್ಳುವವರು ಇರಲಿಲ್ಲ.

“ಆಯಿ, ಈ ಕುರ್ಚಿ ಮ್ಯಾಲೇ ಅವರನ್ನ ಕುಂದ್ರಸಿದ್ದು. ಹೆಣದ ಕುರ್ಚಿ ಅಂತಾರ ಎಲ್ಲಾರೂ” ಅಂದೆ.

“ಲಿಂಗಾ ಹಿಡಕೊಂಡು ಕುಂತಾಂವ ಹೆಣ ಹೆಂಗ ಆಗ್ತಾನ? ನೀ ಕುಂದ್ರು. ಎಷ್ಟೊತ್ತು ನಿಂದರ್ತಿ?”

ಹನ್ನೊಂದು ವರ್ಷದಲ್ಲಿ ಮೊದಲ ಸಲ ಕುಳಿತೆ. ಕಾಲು ಮಡಚಿದೆ. ಆಯಿಯೂ ಮಂಚದಿಂದ ತನ್ನ ಕುರ್ಚಿಗೆ ಬಂದಳು. ಇಬ್ಬರೂ ಒಬ್ಬರ ಪಕ್ಕ ಒಬ್ಬರು ಕುಳಿತು ಗಂಗಾ ತಂದ ಚಹಾ ಕುಡಿದೆವು. ಸೊಂಟಕ್ಕೆ ಎಲ್ಲಿಯೂ ತಿವಿಯಲಿಲ್ಲ.

ಹೊರಡುವಾಗ ಗಂಗಾ, “ಜೋಡಿ ಛಲೋ ಕಾಣತೈತಿ ಅಕ್ಕಾ. ಒಂದೆಂಟು ದಿನಾ ಇಲ್ಲೇ ಇರಲಿ” ಅಂದಳು.

“ಎಂಟು ದಿನಾ ಅನ್ನೂ ಮಾತು ನನ್ನ ಮುಂದ ಆಡಬ್ಯಾಡ” ಎಂದು ಗದರಿಸಿ, ಅದನ್ನು ಮತ್ತೆ ಟೆಂಪೋಕ್ಕೆ ಹಾಕಿಸಿದೆ.

ಈಗ ಅದು ನಮ್ಮ ಮನೆಯ ಅದೇ ಮೂಲೆಯಲ್ಲಿದೆ. ದೇವರ ಮುಂದೆ ಮಣೆ ಹಾಕಲು ನನಗೆ ಇವತ್ತಿಗೂ ಜಾಗವಿಲ್ಲ. ಅದರ ಮೇಲೇ ಕೂರುತ್ತೇನೆ.